ಕರಿ ಮರಿ ಹುಟ್ಟದ ವರ್ಷದ ಕಂಕಣ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ನನ್ನ ಮುಖ ನೋಡುವುದಿಲ್ಲ, ಮೊದಲು ಕೈ ನೋಡುತ್ತಾರೆ. ಅವರ ತಪ್ಪಲ್ಲ. ಉಗುರಿನ ಸಂದಿಯಲ್ಲಿ ಕಪ್ಪು, ಬೆರಳ ಗೆಣ್ಣಿನಲ್ಲಿ ಕಾವಿ, ಅಂಗೈ ಗೆರೆಯಲ್ಲಿ ಹಳದಿ ಇಟ್ಟುಕೊಂಡು ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದರೆ ನಾನಾದರೂ ನೋಡುತ್ತಿದ್ದೆ. "ಏನಾಯ್ತ್ರೀ ಕೈಗೆ?" ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಆಯಾ ಮುಖಕ್ಕೆ ತಕ್ಕ ಸುಳ್ಳುಗಳಿವೆ. ಪಾಪದವರಂತೆ ಕಂಡರೆ ಗೇರುಸೊನೆ ತಾಗಿತು ಅನ್ನುತ್ತೇನೆ. ಮೈತುಂಬ ಒಡವೆ ಹಾಕಿಕೊಂಡವರಿಗೆ ಮದರಂಗಿ ಕೆಟ್ಟುಹೋಯಿತು ಅನ್ನುತ್ತೇನೆ. ಒಂದು ಸಲ ಒಬ್ಬಾಕೆ ನನ್ನ ಊರು ಯಾವುದು, ಮಕ್ಕಳೆಷ್ಟು, ಗಂಡ ಕುಡಿಯುತ್ತಾನೋ ಇಲ್ಲವೋ ಎಲ್ಲ ವಿಚಾರಿಸಿಕೊಂಡು ಕಡೆಗೆ ಕೈಗೆ ಬಂದಳು. "ಅಂಟೋ ಕಾಯಿಲೆ ಕಣ್ರೀ" ಅಂದುಬಿಟ್ಟೆ. ಪುಣ್ಯಾತ್ಗಿತ್ತಿ ಎದ್ದು ಹೋಗಿ ಡ್ರೈವರ್ ಹಿಂದೆ ನಿಂತಳು. ನಾನು ಶಿರಾಳಕೊಪ್ಪದ ತನಕ ಎರಡು ಸೀಟಿನಲ್ಲಿ ಆರಾಮಾಗಿ ಬಂದೆ.

ನಿಜ ಏನಪ್ಪಾ ಅಂದರೆ, ನಾನು ಕುರಿ ಉಣ್ಣೆಗೆ ಬಣ್ಣ ಹಾಕುವವಳು. ಬಸ್ಸಿನಲ್ಲಿ ಇದನ್ನು ಹೇಳಿದರೆ "ಕುರಿಗೆ ಯಾಕ್ರೀ ಬಣ್ಣ?" ಅನ್ನುತ್ತಾರೆ. ಕುರಿಗಲ್ಲ, ಉಣ್ಣೆಗೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರು ಇಳಿಯುವ ಜಾಗ ಬಂದಿರುತ್ತದೆ. ನೀವಾದರೆ ಎಲ್ಲೂ ಇಳಿಯುವವರಲ್ಲ, ಹೇಳುತ್ತೇನೆ.

ಹಾಗೆ ನೋಡಿದರೆ ಕುರಿಗೇ ಬಣ್ಣ ಹಾಕಿದವಳೂ ಹೌದು ನಾನು. ನನ್ನ ತವರು ಚಂದ್ರಗುತ್ತಿ ಗುಡ್ಡದ ಬುಡ. ಅಪ್ಪನ ಹತ್ತಿರ ಹತ್ತಿಪ್ಪತ್ತು ಕುರಿಗಳಿದ್ದವು. ಮೂರನೇ ಕ್ಲಾಸಿನಲ್ಲೋ ಏನೋ, ಶಾಲೆಯಲ್ಲಿ ಬಾವುಟ ಹಾರಿಸಿದ ದಿನ ಕಟ್ಟಿದ್ದ ಗುಲಾಬಿ ಬಣ್ಣದ ಕಾಗದವನ್ನು ಕಿತ್ತು ತಂದು ಬಕೆಟ್ಟಿನಲ್ಲಿ ನೆನೆಸಿದೆ. ಎಂಥಾ ಬಣ್ಣ ಬಿಟ್ಟಿತು ಅಂತೀರಿ! ಅಷ್ಟು ಚೆಂದದ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಎದುರಿಗೆ ಸಿಕ್ಕ ಬಿಳಿ ಮರಿಯನ್ನು ಹಿಡಿದು ಅದರಲ್ಲಿ ಅದ್ದಿ ತೆಗೆದೆ. ಮರಿ ಗುಲಾಬಿಯಾಯಿತು, ನಾನು ಹಿಗ್ಗಿ ಹೀರೇಕಾಯಿಯಾದೆ. ಸಂಜೆ ಮೇದು ಬಂದ ತಾಯಿ ಕುರಿ ಮರಿಯನ್ನು ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು, ಆಮೇಲೆ ತಲೆಯಿಂದ ಗುಮ್ಮಿ ಆಚೆ ತಳ್ಳಿತು. ಏನು ಮಾಡಿದರೂ ಮೊಲೆ ಕೊಡಲೊಲ್ಲದು. ಮರಿ ಅರಚುತ್ತಿದೆ, ನಾನು ಮರಿಗಿಂತ ಜೋರಾಗಿ ಅರಚುತ್ತಿದ್ದೇನೆ. ಅಪ್ಪ ಬೈಯಲಿಲ್ಲ. ತಾಯಿ ಕುರಿಯ ಹಾಲನ್ನೇ ನಾಕು ಹನಿ ಕರೆದು ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದರು. "ಅದಕ್ಕೆ ತನ್ನ ಮನೆ ವಾಸನೆ ಸಿಗಬೇಕು ಮಗಾ. ಬಣ್ಣ ಯಾವ್ದಾದ್ರೆ ಅದಕ್ಕೆಂತ?" ಅಂದರು. ತಾಯಿ ಮೂಸಿತು, ನೆಕ್ಕಿತು, ನಿಂತಿತು. ಮರಿ ಕುಡಿಯಿತು. ಮಳೆಗಾಲ ಬರುವ ತನಕ ಆ ಗುಲಾಬಿ ಮರಿ ಊರಿಗೆಲ್ಲ ತಮಾಷೆಯಾಗಿ ಓಡಾಡಿಕೊಂಡಿತ್ತು.

ಮದುವೆಯಾಗಿ ನಾನು ತಾಳಗುಂದದ ಹತ್ತಿರಕ್ಕೆ ಬಂದೆ. ನಮ್ಮದು ಒಂದಿಷ್ಟು ಮೆಕ್ಕೆಜೋಳದ ಹೊಲ, ಒಂದು ಸಣ್ಣ ಕುರಿ ಹಟ್ಟಿ. ನಮ್ಮ ಮನೆಯವರಿಗೆ ಕುರಿ ಬಿಟ್ಟರೆ ಪ್ರಪಂಚ ಗೊತ್ತಿಲ್ಲ. ನನ್ನ ಜ್ವರಕ್ಕೆ ಮಾತ್ರೆ ಮರೆತು ಬರುತ್ತಾರೆ, ಟಗರಿನ ಕೆಮ್ಮಿಗೆ ಔಷಧಿ ಮರೆಯುವುದಿಲ್ಲ. ಅತ್ತೆ ಸಿದ್ದಮ್ಮ ಮಾತು ಕಡಿಮೆ, ಆಡಿದರೆ ಉಣ್ಣೆ ಕತ್ತರಿ ಆಡಿಸಿದ ಹಾಗೆ. ಅವರು ಬೆಳಗಿನಿಂದ ಸಂಜೆವರೆಗೆ ಜಗುಲಿಯಲ್ಲಿ ರಾಟೆ ಮುಂದೆ ಕೂತು ಉಣ್ಣೆ ನೂಲುತ್ತಿದ್ದರು. ನೂಲು ಕಂಬಳಿ ನೇಯುವವರ ಮನೆಗೆ ಹೋಗುತ್ತಿತ್ತು. ನೂಲು ಅಂದರೆ ಕರಿ ನೂಲು. ಬಿಳಿ ಉಣ್ಣೆಯನ್ನು ಅವರು ಉಣ್ಣೆ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆಮೇಲಾಮೇಲೆ ಕಂಬಳಿ ಕೇಳುವವರು ಕಮ್ಮಿಯಾದರು. ಕುರಿ ಕೊಳ್ಳುವವರು ಮೈ ತೂಕ ನೋಡಿದರೇ ಹೊರತು ಮೈ ಮೇಲಿನದನ್ನು ನೋಡಲಿಲ್ಲ. ನಮ್ಮ ಮನೆಯವರು ದಾವಣಗೆರೆ ಕಡೆಯಿಂದ ಎತ್ತಿನಂಥ ಒಂದು ಬಿಳಿ ಟಗರು ತಂದರು. ಅದು ಬಂದ ಮೇಲೆ ಹುಟ್ಟಿದ್ದೆಲ್ಲ ಬಿಳಿ ಮರಿಯೇ. ಹಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಕರಿ ಕುರಿ, ಹಲ್ಲು ಉದುರಿದ ಮುದುಕಿ, ಒಂದು ಚಳಿಗಾಲದಲ್ಲಿ ಮಲಗಿದ್ದು ಏಳಲಿಲ್ಲ. ಅತ್ತೆ ಅವತ್ತು ರಾಟೆಯನ್ನು ಒರೆಸಿ ಅಟ್ಟಕ್ಕೆ ಹಾಕಿಸಿದರು. ಅತ್ತಿದ್ದಿಲ್ಲ, ಬೈದಿದ್ದಿಲ್ಲ. ಆದರೆ ಜಗುಲಿಯಲ್ಲಿ ಸುಮ್ಮನೆ ಕೂತಾಗಲೂ ಅವರ ಹೆಬ್ಬೆರಳು ತೋರುಬೆರಳು ಎರಡೂ ಸೇರಿ ಇಲ್ಲದ ನೂಲನ್ನು ಹೊಸೆಯುತ್ತಲೇ ಇರುತ್ತಿದ್ದವು.

ನನ್ನ ಬಣ್ಣದ ಹುಚ್ಚು ಶುರುವಾಗಿದ್ದು ಆಗ. ಕುರಿಗೆ ಕೂದಲು ಬೆಳೆಯುವುದು ನಿಲ್ಲುತ್ತದೆಯೇ? ವರ್ಷಕ್ಕೆರಡು ಸಲ ಕತ್ತರಿಸಲೇಬೇಕು. ಕತ್ತರಿಸಿದ್ದನ್ನು ಯಾರೂ ಕೊಳ್ಳದೆ ಬೇಲಿಯಾಚೆ ಎಸೆಯುತ್ತಿದ್ದರು. ಮುಳ್ಳಿಗೆಲ್ಲ ಬಿಳಿ ಉಣ್ಣೆ ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಮಗಳು ಸುಧಾ ಶಿಕಾರಿಪುರದ ಒಂದು ಶಾಲೆಯಲ್ಲಿ ಟೀಚರು, ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸು ಉಣ್ಣೆಯನ್ನು ಬಣ್ಣದ ಪಾತ್ರೆಯಲ್ಲಿ ಅದ್ದುವುದನ್ನು ತೋರಿಸಿದಳು. ನೋಡಿದ್ದೇ ತಡ, ನನಗೆ ಗುಲಾಬಿ ಮರಿ ನೆನಪಾಯಿತು.

ಮೊದಲನೇ ಸಲ ಆಗಿದ್ದನ್ನು ಕೇಳಿ ನಗಬೇಡಿ, ಅಥವಾ ನಗಿ, ಊರೇ ನಕ್ಕಿದೆ. ಉಣ್ಣೆ ಜಿಡ್ಡು ಹೋಗಲಿ ಅಂತ ಸ್ನಾನದ ಹಂಡೆಯಲ್ಲಿ ಕೊತಕೊತ ಕುದಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ, ಸೋಪು ಹಚ್ಚಿ, ಗಂಡನ ಪ್ಯಾಂಟು ಒಗೆದ ಹಾಗೆ ಬಡಿದೆ. ಬಡಿದಷ್ಟೂ ಅದು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತ ಹೋಗಿ, ಕಡೆಗೆ ಒಂದು ದಪ್ಪ ಹಲಗೆಯಂಥದ್ದು ಕೈಗೆ ಬಂತು. ಅದರಿಂದ ಒಂದು ಎಳೆಯನ್ನೂ ಕೀಳಲು ಯಾರಪ್ಪನಿಂದಲೂ ಸಾಧ್ಯವಿರಲಿಲ್ಲ. ನಮ್ಮ ಮನೆಯವರು ಖುಷಿಯಾಗಿ ಅದನ್ನು ಬೈಕಿನ ಸೀಟಿಗೆ ಹಾಕಿಕೊಂಡರು. ಇವತ್ತಿಗೂ ಅದೇ ಇದೆ. "ಅಷ್ಟು ಗಟ್ಟಿ ಸಾಮಾನು ನಮ್ಮನೇಲಿ ಇನ್ನೊಂದಿಲ್ಲ, ಇವಳ ನಾಲಿಗೆ ಬಿಟ್ರೆ" ಅಂತ ಬಂದವರಿಗೆಲ್ಲ ತೋರಿಸುತ್ತಾರೆ.

ಕಲಿತೆ ಬಿಡಿ, ನಿಧಾನಕ್ಕೆ. ಉಗುರುಬೆಚ್ಚಗಿನ ನೀರು, ಒಂದಿಷ್ಟು ಪಟಿಕ, ಅಲ್ಲಾಡಿಸದೆ ನೋಡಿಕೊಳ್ಳುವ ತಾಳ್ಮೆ. ಕಡೆಯದು ನನ್ನಲ್ಲಿ ಇರಲಿಲ್ಲ, ಹೊಂದಿಸಿಕೊಂಡೆ. ಈರುಳ್ಳಿ ಸಿಪ್ಪೆಯಿಂದ ಜೇನಿನ ಬಣ್ಣ, ಚೆಂಡು ಹೂವಿನಿಂದ ಹಳದಿ, ದಾಳಿಂಬೆ ಸಿಪ್ಪೆಯಿಂದ ಒಂಥರಾ ಬಿಸಿಲಿನ ಬಣ್ಣ. ಮದುವೆ ಮನೆಗೆ ಹೋದರೆ ಎಲ್ಲರೂ ಹೆಣ್ಣು ಗಂಡು ನೋಡಲು ಮುಂದೆ ಹೋದರೆ ನಾನು ಚೀಲ ಹಿಡಿದು ಹಿಂದೆ ಅಡುಗೆ ಭಟ್ಟರ ಹತ್ತಿರ ಹೋಗುತ್ತಿದ್ದೆ. ಊರಿನಲ್ಲಿ ಸಿಪ್ಪೆ ಗಿರಿಜಕ್ಕ ಅಂತ ಹೆಸರು ಬಂತು. ಸಂತೆಯಲ್ಲಿ ಈರುಳ್ಳಿ ಮಾರುವವನು ನನ್ನನ್ನು ಕಂಡರೆ ಈರುಳ್ಳಿ ಬೇಕಾ ಅಂತ ಕೇಳುವುದನ್ನೇ ಬಿಟ್ಟ. ಶಿವಮೊಗ್ಗದ ಒಂದು ಅಂಗಡಿಯವರು ನನ್ನ ಬಣ್ಣದ ಉಣ್ಣೆ ತೆಗೆದುಕೊಳ್ಳತೊಡಗಿದ ಮೇಲೆ ಅಕ್ಕಪಕ್ಕದ ಹಟ್ಟಿಯವರೂ ಬೇಲಿಗೆ ಎಸೆಯುವುದನ್ನು ತಂದು ನನ್ನ ಅಂಗಳಕ್ಕೆ ಹಾಕತೊಡಗಿದರು.

ಅತ್ತೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ. ತಂತಿಯ ಮೇಲೆ ಒಣಹಾಕಿದ ಹಳದಿ ಕಾವಿಗಳ ಕೆಳಗೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. "ಒಂದು ಸಲ ಮುಟ್ಟಿ ನೋಡಿ ಅತ್ತೆ" ಅಂದರೆ, "ಕುರಿ ಮೈ ಮ್ಯಾಲೆ ಬಂದಿದ್ದು ಬಣ್ಣ. ನೀರು ಬಿದ್ರೆ ಇಳಿಯೋದು ಬಣ್ಣ ಅಲ್ಲ ಕಣೆ, ಕೊಳೆ" ಅಂದರು. ಅವತ್ತು ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಇಂಥದ್ದರಲ್ಲಿ ಸುಧಾಳ ಮದುವೆ ಗೊತ್ತಾಯಿತು. ಹುಡುಗ ಸೊರಬದವನು, ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಒಳ್ಳೆಯ ಹುಡುಗ, ಹೆಣ್ಣು ನೋಡಲು ಬಂದವನು ನನ್ನ ಕೈ ನೋಡಿ ತನ್ನ ಗ್ರೀಸ್ ಹತ್ತಿದ ಉಗುರುಗಳನ್ನು ಧೈರ್ಯವಾಗಿ ಟೀಪಾಯಿ ಮೇಲೆ ಇಟ್ಟ. ಎಲ್ಲ ಸರಿಯಾಯಿತು, ಕಂಕಣ ಒಂದು ಬಿಟ್ಟು.

ಬೇರೆಯವರು ಮದುವೆಯಲ್ಲಿ ಕೈಗೆ ಹತ್ತಿ ದಾರದ ಕಂಕಣ ಕಟ್ಟುತ್ತಾರೆ. ನಮ್ಮದು ಉಣ್ಣೆ ಕಂಕಣ. ಅದರಲ್ಲೂ ನಮ್ಮ ಮನೆಯ ಪದ್ಧತಿ ಏನೆಂದರೆ, ನಮ್ಮದೇ ಹಟ್ಟಿಯಲ್ಲಿ ಹುಟ್ಟಿದ ಕರಿ ಮರಿಯ ಮೊದಲ ಉಣ್ಣೆಯನ್ನು ಮನೆಯ ಹಿರಿಯಳು ನೂತು ಅವಳೇ ಕಟ್ಟಬೇಕು. ನನ್ನ ಕಂಕಣ ನೂತದ್ದೂ ಅತ್ತೆಯೇ. ತಾಳಿ ಕಟ್ಟುವಾಗ ಅದು ಎಷ್ಟು ಚುಚ್ಚಿತ್ತೆಂದರೆ ನನ್ನ ಮದುವೆಯ ಒಂದೇ ಒಂದು ಫೋಟೋದಲ್ಲಿ ನಾನು ಗಂಡನ ಮುಖ ಬಿಟ್ಟು ಕೈ ಕೆರೆದುಕೊಳ್ಳುತ್ತ ನಿಂತಿದ್ದೇನೆ. ಆದರೂ ಅತ್ತೆ ಅದನ್ನು ಕಟ್ಟಿ ಗಂಟು ಬಿಗಿದಾಗ, ಈ ಮನೆಯವಳಾದೆ ಅಂತ ಅನ್ನಿಸಿದ್ದು ಮಾತ್ರ ಸುಳ್ಳಲ್ಲ.

"ಅಜ್ಜಿ ನೂತ ಕಂಕಣ ಇಲ್ಲದೆ ನಾನು ಹಸೆ ಹತ್ತಲ್ಲ" ಅಂದಳು ಸುಧಾ. ಅತ್ತೆ ಹಟ್ಟಿಯ ಕಡೆ ಕೈ ತೋರಿಸಿದರು. ಅಲ್ಲಿ ಹಾಲಿನಂಥ ಬಿಳಿ ಮರಿಗಳು ಕುಣಿಯುತ್ತಿದ್ದವು, ಒಂದರ ಕಿವಿ ತುದಿ ಕೂಡ ಕರಿಯಿಲ್ಲ.

"ಬೇರೆ ಹಟ್ಟಿಯಿಂದ ಕರಿ ಉಣ್ಣೆ ತರಾನ ಬಿಡವ್ವ" ಅಂದರು ನಮ್ಮ ಮನೆಯವರು.

"ಬೇರೆಯೋರ ಮನೆ ಹಿಟ್ಟಲ್ಲಿ ನಿನ್ನ ಮಗಳ ಬುತ್ತಿ ಕಟ್ತೀಯ?" ಅಂದರು ಅತ್ತೆ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ನಮ್ಮ ಮರಿ ಉಣ್ಣೆನೇ ನೂತು ಕೊಡಿ ಅತ್ತೆ. ಕರಿ ನಾನು ಮಾಡ್ತೀನಿ" ಅಂದುಬಿಟ್ಟೆ.

ಅತ್ತೆ ನನ್ನ ಕಡೆ ತಿರುಗಿದರು. "ನೂಲ್ತೀನಿ. ಕರಿ ಆದ್ರೆ ನನ್ನ ಕೈಯಾರೆ ಕಟ್ತೀನಿ. ಕಾಫಿ ಬಣ್ಣ, ಬೂದಿ ಬಣ್ಣ ಮಾಡ್ಕೊಂಡು ಬಂದ್ರೆ ಪ್ಯಾಟೆಯಿಂದ ಹತ್ತಿ ದಾರ ತರಿಸ್ಕಳ್ರಿ, ನನ್ನ ಕೇಳಬ್ಯಾಡ್ರಿ" ಅಂದರು. ರಾಟೆ ಅಟ್ಟದಿಂದ ಇಳಿಯಿತು. ಮೊದಲ ಸಲ ಬಿಳಿ ಉಣ್ಣೆ ಅವರ ಬೆರಳಿಗೆ ಬಂತು. ಜಗುಲಿಯಿಂದ ಆ ಗುಂಯ್ ಸದ್ದು ಕೇಳಿದಾಗ ನಾನು ಒಲೆ ಮುಂದೆ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಹೊಗೆ ಅಂತ ಹೇಳಿದೆ, ಗ್ಯಾಸ್ ಒಲೆ ಅನ್ನುವುದನ್ನು ಮರೆತು.

ಮೂರು ಲಡಿ ನೂಲು ಕೊಟ್ಟರು. ಕರಿ ಬಣ್ಣ ನಾನು ಅದುವರೆಗೆ ಮಾಡಿದವಳೇ ಅಲ್ಲ. ತವರಿಗೆ ಓಡಿದೆ. ಸೊರಬದ ಕಡೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ಚೊಗರು ನೀರು ಗೊತ್ತಲ್ಲ, ಅಣ್ಣನಿಗೆ ಹೇಳಿ ಒಂದು ಕ್ಯಾನು ಹೊಂದಿಸಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಮುಚ್ಚಳ ಸಡಿಲಾಗಿ ಕೆಂಪು ನೀರು ಸೀಟಿನಡಿಯಿಂದ ಹರಿದು ಮುಂದೆ ಕೂತಿದ್ದ ಯಜಮಾನರ ಚಪ್ಪಲಿ ತನಕ ಹೋಯಿತು. ಅವರು ಬಗ್ಗಿ ನೋಡಿ "ಅಯ್ಯಯ್ಯೋ, ರಕ್ತ! ಬಸ್ ನಿಲ್ಸಪ್ಪಾ!" ಅಂತ ಕೂಗಿಕೊಂಡರು. ಬಸ್ಸು ನಿಂತಿತು. ಎಲ್ಲರೂ ಕೆಳಗೆ ನೋಡಿ, ಆಮೇಲೆ ನನ್ನ ಕೈ ನೋಡಿದರು. ಅವತ್ತು ಯಾವ ಸುಳ್ಳೂ ಬಾಯಿಗೆ ಬರಲಿಲ್ಲ.

ಮೊದಲ ಲಡಿ ಬರೀ ಚೊಗರಿನಲ್ಲಿ ಹಾಕಿದೆ. ಸುಟ್ಟ ಇಟ್ಟಿಗೆಯಂಥ ಬಣ್ಣ ಬಂತು. ಅತ್ತೆ ಕೈಗೆ ತೆಗೆದುಕೊಂಡು "ಚೆಂದ ಐತೆ" ಅಂದರು. ನನಗೆ ಕುಣಿಯಬೇಕು ಅನ್ನಿಸುವಷ್ಟರಲ್ಲಿ "ಕರಿ ಅಲ್ಲ" ಅಂದು ವಾಪಸ್ ಕೊಟ್ಟರು.

ಕಪ್ಪಿಗೆ ಕಬ್ಬಿಣ ಬೇಕು. ಮುರಿದ ಕುಡುಗೋಲು, ತುಕ್ಕು ಮೊಳೆ, ಗ್ಯಾರೇಜಿನ ಬೀಗರು ಕಳಿಸಿದ ಒಂದು ಚೀಲ ಹಳೇ ನಟ್ಟು ಬೋಲ್ಟು, ಎಲ್ಲವನ್ನೂ ಬೆಲ್ಲದ ನೀರಿನಲ್ಲಿ ಮಡಕೆಯೊಳಗೆ ಕೊಳೆಹಾಕಿದೆ. ಆ ವಾಸನೆಗೆ ನಮ್ಮ ಮನೆಯವರು ಊಟದ ತಟ್ಟೆ ಹಿಡಿದು ಹಟ್ಟಿಗೆ ಹೋದರು. ಅದನ್ನು ಚೊಗರಿಗೆ ಬೆರೆಸಿ ಎರಡನೇ ಲಡಿ ಅದ್ದಿದೆ. ನೀರಲ್ಲಿರುವಾಗ ಕಪ್ಪು, ಒಣಗಿದ ಮೇಲೆ ಬೂದಿ. ಅತ್ತೆ "ಹೊಗೆ ಗೂಡಿನ ಜೇಡನ ಬಲೆ" ಅಂದರು. ನಿಜವಾಗಿಯೂ ಹಾಗೇ ಇತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು.

ಉಳಿದದ್ದು ಒಂದೇ ಲಡಿ. ಆ ವರ್ಷದ ಮರಿಗಳ ಮೊದಲ ಉಣ್ಣೆ ಮುಗಿದಿತ್ತು, ಅರಿಶಿನದ ದಿನ ಹತ್ತಿರ ಬಂದಿತ್ತು. ಸುಧಾ ಏನೂ ಹೇಳುತ್ತಿರಲಿಲ್ಲ, ಶಾಲೆಯಿಂದ ಬಂದವಳೇ ತಂತಿಯ ಕಡೆ ಒಂದು ಸಲ ನೋಡಿ ಒಳಗೆ ಹೋಗುತ್ತಿದ್ದಳು. ಆ ನೋಟ ತಡೆಯಲಾರದೆ ನಾನು ಶಿಕಾರಿಪುರಕ್ಕೆ ಹೋಗಿ ಅಂಗಡಿಯ ಕಪ್ಪು ಬಣ್ಣದ ಪ್ಯಾಕೆಟ್ ತಂದೆ. ಈರುಳ್ಳಿ ಸಿಪ್ಪೆಯ ಮಹಾರಾಣಿ ಪ್ಯಾಕೆಟ್ಟಿಗೆ ಶರಣಾದಳು ಅಂತ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಮನೆಗೆ ಬಂದು ನೋಡಿದರೆ ಕಡೆಯ ಲಡಿ ತಂತಿಯ ಮೇಲೆ ಕೋಲಿನ ಹಾಗೆ ಸೆಟೆದು ನಿಂತಿದೆ! ಮುಟ್ಟಿದರೆ ಅಂಟು, ಮೂಸಿದರೆ ಹುಣಸೆ ಬೀಜದ ವಾಸನೆ. ಕಂಬಳಿ ನೂಲಿಗೆ ಗಟ್ಟಿಯಾಗಲಿ ಅಂತ ಹುಣಸೆ ಬೀಜ ಅರೆದು ಕಾಯಿಸಿದ ಸರಿ ಬಳಿಯುತ್ತಾರೆ. ಬಣ್ಣ ಹಾಕುವ ನೂಲಿಗೆ ಯಾರಾದರೂ ಬಳಿಯುತ್ತಾರೆಯೇ? ಬಣ್ಣ ಒಳಗೆ ಇಳಿಯುವುದಾದರೂ ಹೇಗೆ? ನನ್ನ ಪಿತ್ತ ನೆತ್ತಿಗೇರಿತು.

"ಯಾರು ಬಳಿದಿದ್ದು ಇದನ್ನ?"

"ನಾನೇ" ಅಂದರು ಅತ್ತೆ, ತಣ್ಣಗೆ.

"ಇದ್ದಿದ್ದು ಇದೊಂದೇ ಅಂತ ಗೊತ್ತಿಲ್ವಾ ಅತ್ತೆ ನಿಮಗೆ? ಸರಿ ಹಾಕಬೇಡಿ ಅಂತ ಬಡ್ಕೊಂಡಿದ್ನಲ್ಲ!"

"ಬರಿ ಹೊಟ್ಟೇಲಿರೋ ನೂಲನ್ನ ಕುದಿಯೋ ನೀರಿಗೆ ಹಾಕ್ತೀಯಲ್ಲೇ. ನಮ್ಮ ಮನೆಯಿಂದ ಯಾವ ನೂಲೂ ಹಂಗೆ ಆಚೆ ಹೋಗಿಲ್ಲ. ಒಂದು ತುತ್ತು ಉಣ್ಸಿ ಕಳ್ಸಿದೆ, ಅದ್ಕೇನೀಗ?" ಅಂದವರು ಧ್ವನಿ ಸಣ್ಣ ಮಾಡಿ, "ಹುಡುಗೀನ ಕಳಿಸುವಾಗ ಉಣ್ಸಿ ಕಳಿಸಲ್ವಾ?" ಅಂದರು.

ನ್ಯಾಯದ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಪ್ಯಾಕೆಟ್ ಬ್ಯಾಗಿನಲ್ಲೇ ಉಳಿಯಿತು. ಸೆಟೆದ ಲಡಿಯನ್ನು ಕಿತ್ತು, ಆ ಚೊಗರು ಕಬ್ಬಿಣದ ಮಡಕೆಗೆ ರಪ್ಪನೆ ಎಸೆದು, ಏನಾದರೂ ಆಗಿ ಸಾಯಲಿ ಅಂತ ಮುಚ್ಚಿಟ್ಟೆ. ಅವತ್ತು ನಾವಿಬ್ಬರೂ ಮಾತಾಡಲಿಲ್ಲ. ನಮ್ಮ ಮನೆಯವರು ನಡುವೆ ಓಡಾಡಿಕೊಂಡು ಇಬ್ಬರ ಪಾಲಿನ ಮಾತನ್ನೂ ಕುರಿಗಳ ಹತ್ತಿರ ಆಡಿದರು.

ಬೆಳಿಗ್ಗೆ ಮುಚ್ಚಳ ತೆಗೆದೆ. ಕೋಲಿನಿಂದ ಎತ್ತಿದೆ. ಒಣಗಿದ ಮೇಲೆ ನೋಡೋಣ ಅಂತ ಬಿಸಿಲಿಗೆ ಹಾಕಿ, ನೋಡಲು ಧೈರ್ಯವಿಲ್ಲದೆ ಹಟ್ಟಿ ಗುಡಿಸಲು ಹೋದೆ. ಬಂದು ನೋಡುತ್ತೇನೆ, ಕರಿ! ಬೂದಿಯಲ್ಲ, ಕಾಫಿಯಲ್ಲ, ಹಲ್ಲು ಉದುರಿದ ಆ ಮುದುಕಿ ಕುರಿಯ ಮೈಯಂಥ ಕರಿ. ಹುಣಸೆ ಬೀಜದ ಸಿಪ್ಪೆಯ ಒಗರು ಕಬ್ಬಿಣಕ್ಕೆ ಸೇರಿ ಹೀಗಾಯಿತೋ, ಮಡಕೆ ಅಷ್ಟು ದಿನ ಕೊಳೆತು ಹದ ಬಂದಿತ್ತೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಅತ್ತೆಗಂತೂ ಗೊತ್ತಿರಲಿಲ್ಲ. ಅವರು ಹೊಟ್ಟೆ ತುಂಬಿಸಿದ್ದು ಅಷ್ಟೆ. ಲಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ, ಎಳೆದು, ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ಒಳಗೆ ಹೋಗಿ ಕಂಕಣಕ್ಕೆ ಕಟ್ಟುವ ಅರಿಶಿನದ ಕೊಂಬು ಆರಿಸಲು ಕೂತರು. ನಾನು ಲಡಿಯನ್ನು ನೀರಿನಲ್ಲಿ ಜಾಲಿಸಬೇಕಿತ್ತು. ಜಾಲಿಸಿದರೆ ಎಲ್ಲಿ ಇಳಿದು ಹೋಗುತ್ತದೋ ಅಂತ ಜೀವ ಹೊಡೆದುಕೊಂಡು, ಹಾಗೇ ಸುತ್ತಿ ಇಟ್ಟುಬಿಟ್ಟೆ.

ಅರಿಶಿನದ ದಿನ ಅಂಗಳದ ಚಪ್ಪರದಲ್ಲಿ ಸುಧಾಳನ್ನು ಮಣೆಯ ಮೇಲೆ ಕೂರಿಸಿದರು. ಸೊರಬದಿಂದ ಬೀಗರ ಹೆಂಗಸರು ಬಂದಿದ್ದರು. ಫೋಟೋದವನು ನನ್ನನ್ನು ನೋಡಿದ ಕೂಡಲೇ "ಅಮ್ಮಾ, ಕೈ ಸ್ವಲ್ಪ ಸೆರಗಿನೊಳಗೆ ಇಟ್ಕೊಳ್ಳಿ" ಅಂದ. ಇಟ್ಟುಕೊಂಡೆ. ಅತ್ತೆ ಕೊಂಬು ಕಟ್ಟಿದ ಕರಿ ಕಂಕಣವನ್ನು ಮೊಮ್ಮಗಳ ಕೈಗೆ ಸುತ್ತಿ ಗಂಟು ಬಿಗಿದರು. ಸುಧಾ ಅಜ್ಜಿಯ ಭುಜಕ್ಕೆ ಹಣೆ ಒತ್ತಿ ಅತ್ತಳು. ನನಗೂ ಅಳು ಬಂತು. ಅಲ್ಲಿಗೆ ಎಲ್ಲ ಸುಸೂತ್ರ.

ಆಮೇಲೆ ಅರಿಶಿನದ ನೀರು ಹುಯ್ದರು ನೋಡಿ. ಕಂಕಣದಿಂದ ಒಂದು ಕಪ್ಪು ಗೆರೆ ಹೊರಟು ಸುಧಾಳ ಮೊಣಕೈ ತನಕ ಇಳಿಯಿತು, ಹಳದಿ ಸೀರೆಗೆ ಹತ್ತಿತು. "ಇದೆಂತದೇ, ಕಪ್ಪು ಇಳೀತಾ ಐತಲ್ಲ!" ಅಂದಳು ಬೀಗರ ಕಡೆಯ ಒಬ್ಬಳು. ಹಾಡುತ್ತಿದ್ದವರು ನಿಲ್ಲಿಸಿದರು. ಶುಭದ ದಿನ, ಮದುಮಗಳ ಮೈ ಮೇಲೆ ಕಪ್ಪು. ಅತ್ತೆ ಅವತ್ತು ಅಂದಿದ್ದು ನೆನಪಾಯಿತು. ನೀರು ಬಿದ್ರೆ ಇಳಿಯೋದು ಬಣ್ಣ ಅಲ್ಲ ಕಣೆ, ಕೊಳೆ. ಭೂಮಿ ಬಾಯಿ ಬಿಟ್ಟರೆ ಸಾಕು ಅಂತ ನಿಂತಿದ್ದೆ. ಅತ್ತೆ ಈಗ ಆ ಕಂಕಣ ಬಿಚ್ಚುತ್ತಾರೆ ಅಂದುಕೊಂಡೆ.

ಅತ್ತೆ ಚಪ್ಪರದ ಕಂಬ ಹಿಡಿದು ಎದ್ದು ಬಂದರು. ಮೊಮ್ಮಗಳ ಕೈ ಎತ್ತಿ, ಇಳಿಯುತ್ತಿದ್ದ ಕಪ್ಪನ್ನು ತೋರುಬೆರಳಿನಿಂದ ಒರೆಸಿಕೊಂಡು, ಅವಳ ಎಡಗೆನ್ನೆಗೆ ದಪ್ಪಗೆ ಒಂದು ಬೊಟ್ಟು ಇಟ್ಟರು. "ದೃಷ್ಟಿ ಬೊಟ್ಟಿಗೆ ಬೆಳಗಿಂದ ಕಾಡಿಗೆ ಹುಡುಕ್ತಿದ್ರಲ್ಲ, ತಗಳ್ರಿ. ನಮ್ಮ ಹಟ್ಟಿ ಉಣ್ಣೆ, ನಮ್ಮ ಸೊಸೆ ಹಾಕಿದ ಬಣ್ಣ. ಪ್ಯಾಟೆ ಕಾಡಿಗೆ ಯಾಕೆ ಬೇಕು?" ಅಂದರು.

ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಕಪ್ಪು ಇಳೀತಾ ಐತಲ್ಲ ಅಂದಿದ್ದಳಲ್ಲ, ಅವಳೇ ತನ್ನ ಕೂಸನ್ನು ಮುಂದೆ ಮಾಡಿ "ಇದಕ್ಕೂ ಒಂದು ಇಡಿ ಅಜ್ಜಿ" ಅಂದಳು. ಹಾಡು ನಿಂತಲ್ಲಿಂದ ಮತ್ತೆ ಶುರುವಾಯಿತು.

"ಗಿರಿಜಾ, ಎಲ್ಲಿದೀಯ? ಬಾ ಇಲ್ಲಿ. ಕೈ ಕೊಡು" ಅಂದರು ಅತ್ತೆ. ಸೆರಗಿನಿಂದ ಕೈ ತೆಗೆದು ಚಾಚಿದೆ. ಅದನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು, ಉಳಿದ ಕಪ್ಪಿನಿಂದ ಹಿಂಗೈ ಮೇಲೆ ಒಂದು ಬೊಟ್ಟು ಒತ್ತಿದರು. "ಈ ಕೈಗೂ ಯಾರ ಕಣ್ಣು ಬೀಳೋದು ಬ್ಯಾಡ" ಅಂದರು.

ಕಪ್ಪು ಹತ್ತಿದ ಕೈ ಮೇಲೆ ಕಪ್ಪು ಬೊಟ್ಟು ಎಲ್ಲಿ ಕಾಣಬೇಕು? ಆದರೆ ಅದು ಎಲ್ಲಿತ್ತು ಅಂತ ಕಣ್ಣು ಮುಚ್ಚಿ ಈಗಲೂ ತೋರಿಸಬಲ್ಲೆ. ಅಷ್ಟರಲ್ಲಿ ಫೋಟೋದವನು ಕ್ಯಾಮೆರಾ ಎತ್ತಿ, "ಅಮ್ಮಾ, ಕೈ ಸೆರಗಿನೊಳಗೆ" ಅಂದ.

"ಇರಲಿ ಬಿಡಪ್ಪ, ಬರಲಿ ಫೋಟೋದಲ್ಲಿ" ಅಂದೆ.